ಮೂಗು, ಹುಳ, ಕುದುರೆಮುಖ: ವಿಕಟ ಸಾಹಿತ್ಯವನ್ನು ಎಲ್ಲಿಂದ ಓದಲು ಶುರು ಮಾಡುವುದು?

ಕಳೆದ ಮಳೆಗಾಲದಲ್ಲಿ ಉಡುಪಿಯ ರಥಬೀದಿಯಲ್ಲಿ, ಜಗಲಿಯೊಂದರ ಮಾಡಿನಡಿ ಮಳೆ ಬಿಡಲಿ ಅಂತ ಕಾಯುತ್ತಿದ್ದಾಗ, ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಸಿಕ್ಕಿದಳು. "ಸರ್, ಗ್ರೊಟೆಸ್ಕ್ ಸಾಹಿತ್ಯ ಓದ್ಬೇಕು ಅಂತ ಕಾಫ್ಕಾನ ಹುಳದ ಕತೆ ಹಿಡಿದೆ. ಎರಡು ದಿನ ಊಟ ಸೇರ್ಲಿಲ್ಲ. ಈ ಜಾತಿಯ ಪುಸ್ತಕ ಎಲ್ಲ ಹೀಗೆಯಾ?" ಅಂತ ಕೇಳಿದಳು. ಅಲ್ಲ ಮಾರಾಯ್ತಿ, ನೀನು ಹಿತ್ತಿಲ ಬಾಗಿಲಿನಿಂದ ಮನೆ ಹೊಕ್ಕಿದ್ದೀ ಅಂದೆ. ಮಳೆ ಬಿಡುವ ಲಕ್ಷಣ ಇರಲಿಲ್ಲ, ಮಾತು ಉದ್ದವಾಯಿತು. ಅಲ್ಲಿ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಗ್ರೊಟೆಸ್ಕ್ ಅಂದರೆ ಹೆದರಿಕೆ, ಹೇಸಿಗೆ, ನಗು ಒಟ್ಟೊಟ್ಟಿಗೆ ಬರುವ ಸಾಹಿತ್ಯ. ಅದನ್ನೇ ನಾನು ವಿಕಟ ಅನ್ನುತ್ತೇನೆ. ಇಂಥ ಪುಸ್ತಕಗಳನ್ನು ಇಸವಿ ಪ್ರಕಾರ ಸಾಲಾಗಿ ನಿಲ್ಲಿಸುವುದು ಸುಲಭ, ಆದರೆ ಆರಿಸಿಕೊಳ್ಳಬೇಕಾದವರಿಗೆ ಅದರಿಂದ ಹೆಚ್ಚು ಉಪಕಾರವಿಲ್ಲ. ನಾನು ನೋಡುವುದು ಒಂದನ್ನೇ: ಈ ಪುಸ್ತಕದಲ್ಲಿ ನಗು ಎಲ್ಲಿದೆ? ಬಯಲಿನಲ್ಲಿ, ಹತ್ತು ಜನರ ನಡುವೆ ಇದೆಯೋ, ಬಾಗಿಲು ಹಾಕಿದ ಕೋಣೆಯೊಳಗೆ ಇದೆಯೋ?

ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಒಂದು ಗದ್ದೆಯಲ್ಲಿ. ಏಳೆಂಟು ವರ್ಷದವನಿದ್ದಾಗ ಅಜ್ಜಿಯ ಜೊತೆ ದೇವಿಮಹಾತ್ಮೆ ಯಕ್ಷಗಾನದ ಆಟಕ್ಕೆ ಹೋಗಿದ್ದೆ. ಮಹಿಷಾಸುರ ರಂಗಸ್ಥಳದ ಕಡೆಯಿಂದ ಬರುತ್ತಾನೆ ಅಂತ ಕಣ್ಣು ಕೀಲಿಸಿ ಕೂತರೆ ಅವನು ಬಂದದ್ದು ನಮ್ಮ ಬೆನ್ನ ಹಿಂದಿನಿಂದ. ದೀವಟಿಗೆ, ಭಗ್ಗೆನ್ನುವ ರಾಳದ ಬೆಂಕಿ, ಚೆಂಡೆ, ಆ ಕೋಡುಗಳು. ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿ ನಡುಗುತ್ತಿದ್ದೆ, ಅದೇ ಸೆರಗಿನ ಸಂದಿಯಿಂದ ನೋಡಿ ನಗುತ್ತಲೂ ಇದ್ದೆ. ಸುತ್ತಲಿನವರೂ ಹಾಗೆಯೇ. ಬೆಳಗಿನ ಜಾವ ವೇಷ ಕಟ್ಟುವ ಚೌಕಿಗೆ ಇಣುಕಿದೆ. ಅದೇ ಮಹಿಷ ಕೋಡು ಕಳಚಿಟ್ಟು, ಮುಖದ ಒಂದು ಪಕ್ಕಕ್ಕೆ ಅಂಟಿಸಿದ ಬಿಳಿ ಚಿಟ್ಟಿ ಕಿತ್ತು, ಗ್ಲಾಸಿನ ಚಾಕ್ಕೆ ಊದುತ್ತಾ ಕೂತಿದ್ದ. ಅರ್ಧ ಮುಖ ರಾಕ್ಷಸ, ಇನ್ನರ್ಧ ನಮ್ಮೂರಿನ ಯಾರೋ ಮಾವನ ಹಾಗೆ. ಗದ್ದೆಯಲ್ಲಿ ಆಗದಷ್ಟು ಹೆದರಿಕೆ ಆಗ ಆಯಿತು. ಅಲ್ಲಿ ನಗಲು ಜೊತೆಗೆ ಯಾರೂ ಇರಲಿಲ್ಲ.

ಮೊದಲು ಹೆಸರನ್ನು ಆರಿಸೋಣ

ಗ್ರೊಟೆಸ್ಕ್ ಎಂಬುದಕ್ಕೆ ಕನ್ನಡದಲ್ಲಿ ಬೀಭತ್ಸ, ವಿಕೃತ, ವಿಲಕ್ಷಣ ಎಂದೆಲ್ಲ ಬರೆಯುವವರಿದ್ದಾರೆ. ಬೀಭತ್ಸ ಅಂದರೆ ಅರ್ಧ ಕೆಲಸ ಮಾತ್ರ ಆಯಿತು. ನಾಟ್ಯಶಾಸ್ತ್ರ ಬರೆದ ಭರತನ ಲೆಕ್ಕದಲ್ಲಿ ಬೀಭತ್ಸ ರಸದ ಸ್ಥಾಯಿ, ಅಂದರೆ ಮೂಲಭಾವ, ಜುಗುಪ್ಸೆ, ಅದರಿಂದ ಹುಟ್ಟುವುದು ಭಯಾನಕ. ಹಾಸ್ಯ ಹುಟ್ಟುವುದು ಬೇರೆಯೇ ಮನೆಯಲ್ಲಿ, ಶೃಂಗಾರದಿಂದ. ಆದರೆ ಹಾಸ್ಯಕ್ಕೆ ಕಾರಣ ಹೇಳುವಾಗ ಅದೇ ಭರತ ವಿಕೃತವಾದ ವೇಷವನ್ನೂ ಅಲಂಕಾರವನ್ನೂ ಎತ್ತುತ್ತಾನೆ. ಹೇಸಿಗೆಯೂ ನಗುವೂ ಒಂದೇ ಎಲೆಯಲ್ಲಿ ಊಟಕ್ಕೆ ಕೂತಾಗ ಆಗುವುದೇ ಗ್ರೊಟೆಸ್ಕ್. ಅದಕ್ಕೆ ನನ್ನ ಮತ 'ವಿಕಟ'ಕ್ಕೆ. ವಿಕಟನಗೆ ಅಂದರೆ ಹೆದರಿಸುತ್ತದೆ, ವಿಕಟಕವಿ ಅಂದರೆ ನಗಿಸುತ್ತಾನೆ. ಗಣಪತಿಯ ಹನ್ನೆರಡು ಹೆಸರುಗಳಲ್ಲಿಯೂ ಲಂಬೋದರದ ಪಕ್ಕದಲ್ಲೇ ವಿಕಟ ಬರುತ್ತದೆ. ಆನೆಯ ತಲೆ, ಮನುಷ್ಯನ ಮೈ, ಗುಡಾಣ ಹೊಟ್ಟೆ, ಕೆಳಗೆ ಇಲಿ. ನಮಗೆ ಹೆದರಿಕೆಯೂ ಇಲ್ಲ, ಹೇಸಿಗೆಯೂ ಇಲ್ಲ. ಕೈಮುಗಿದು ಮೋದಕ ಕೊಡುತ್ತೇವೆ.

ಯುರೋಪಿನ ಪದದ ಹುಟ್ಟು ನೆಲದಡಿಯಲ್ಲಿ. ಕ್ರಿ.ಶ. 64ರ ಬೆಂಕಿಯ ನಂತರ ರೋಮಿನಲ್ಲಿ ನೀರೋ ಕಟ್ಟಿಸಿದ ಅರಮನೆ ಮುಂದೆ ಮಣ್ಣಿನಡಿ ಹೂತುಹೋಯಿತು. 15ನೇ ಶತಮಾನದ ಕೊನೆಗೆ ಚಿತ್ರಕಾರರು ಅದರೊಳಗೆ ಇಳಿದು ನೋಡಿದರೆ ಗೋಡೆ ತುಂಬ ಬಳ್ಳಿಗಳು. ಬಳ್ಳಿ ಮೃಗವಾಗುತ್ತದೆ, ಮೃಗದ ಬೆನ್ನಿನಿಂದ ಮನುಷ್ಯ ಚಿಗುರುತ್ತಾನೆ. ಗ್ರೊಟ್ಟಾ ಎಂದರೆ ಗುಹೆ, ಗುಹೆಯಲ್ಲಿ ಸಿಕ್ಕ ಚಿತ್ರ ಗ್ರೊಟೆಸ್ಕ್. ಅಷ್ಟು ದೂರ ಹೋಗುವ ಪುರುಸೊತ್ತಿಲ್ಲದವರು ಮಂಗಳೂರಿನಿಂದ ಮೂಡುಬಿದಿರೆಗೆ ಬಸ್ಸು ಹತ್ತಿ, ಚೌಟರ ಅರಮನೆಯ ಮರದ ಕೆತ್ತನೆ ನೋಡಿ ಬನ್ನಿ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗುವ ನವನಾರೀಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರೀತುರಗ ಅಲ್ಲಿವೆ. ಎಲ್ಲಿ ಹೆಂಗಸು ಮುಗಿದು ಆನೆ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದ ಆ ಗಳಿಗೆಯನ್ನು ನೆನಪಿಟ್ಟುಕೊಂಡರೆ ಮುಂದಿನ ಪುಸ್ತಕಗಳೆಲ್ಲ ಸಲೀಸು.

ಎರಡು ಕನ್ನಡಕ

ಪುಸ್ತಕಕ್ಕಿಂತ ಮೊದಲು ವಿಮರ್ಶೆ ಓದುವ ಚಟವಿರುವವರಿಗೆ ಇಬ್ಬರು ಸಿಗುತ್ತಾರೆ. ಒಬ್ಬ ರಷ್ಯದ ಮಿಖಾಯಿಲ್ ಬಾಖ್ತಿನ್. ಸ್ಟಾಲಿನ್ ಕಾಲದಲ್ಲಿ ಗಡೀಪಾರು ಅನುಭವಿಸಿದವನು, ಒಂದು ಕಾಲು ಕಳೆದುಕೊಂಡವನು. ಫ್ರಾನ್ಸಿನ ಲೇಖಕ ರಬೆಲೇ ಮೇಲೆ ಬರೆದ ಪ್ರಬಂಧವನ್ನು 1946ರಲ್ಲಿ ಪರೀಕ್ಷಕರ ಮುಂದೆ ಸಮರ್ಥಿಸಿಕೊಂಡ, ಅದು ಪುಸ್ತಕವಾಗಿ ಬಂದದ್ದು 1965ರಲ್ಲಿ. ವಿಕಟ ದೇಹ ಮುಚ್ಚಿದ ದೇಹವಲ್ಲ ಅನ್ನುತ್ತಾನೆ ಅವನು. ತಿನ್ನುವ ಬಾಯಿ, ಉಬ್ಬಿದ ಹೊಟ್ಟೆ, ಹೆರುವ ಮೈ, ಹೇಲು ಉಚ್ಚೆ, ಎಲ್ಲವೂ ಲೋಕಕ್ಕೆ ತೆರೆದುಕೊಂಡಿವೆ. ಜಾತ್ರೆಯಲ್ಲಿ ರಾಜನೂ ಪಾದ್ರಿಯೂ ಕೆಳಗೆ ಬೀಳುತ್ತಾರೆ, ನಗು ಎಲ್ಲರದ್ದಾಗುತ್ತದೆ. ಇನ್ನೊಬ್ಬ ಜರ್ಮನಿಯ ವೋಲ್ಫ್‌ಗಾಂಗ್ ಕೈಸರ್, ಪುಸ್ತಕ 1957ರದ್ದು. ಅವನ ಪ್ರಕಾರ ನಮಗೆ ಪರಿಚಿತವಾದ ಲೋಕ ಇದ್ದಕ್ಕಿದ್ದಂತೆ ಪರಕೀಯವಾಗುವುದೇ ವಿಕಟ. ಕಾಲಡಿಯ ನೆಲ ನಂಬಿಕೆಗೆ ಉಳಿಯುವುದಿಲ್ಲ.

ನಮ್ಮ ಭಾಷೆಗೆ ಇಳಿಸಿದರೆ, ಬಾಖ್ತಿನ್‌ನದ್ದು ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ: ತಾಸೆಯ ಪೆಟ್ಟು, ಹುಲಿವೇಷ, ರಾಕ್ಷಸವೇಷ, ಬೀದಿ ತುಂಬ ಜನ. ಕೈಸರನದ್ದು ಕರೆಂಟು ಹೋದ ರಾತ್ರಿ ನಮ್ಮದೇ ಮನೆಯ ಪಡಸಾಲೆಯಲ್ಲಿ, ಕೈಗೆ ತಾಗಿದ್ದು ಗೋಡೆಯಲ್ಲ ಅನ್ನಿಸುವ ಗಳಿಗೆ.

ನನಗೆ ಬಾಖ್ತಿನ್ ಹೆಚ್ಚು ಇಷ್ಟ, ಆದರೆ ಅವನನ್ನು ಪೂರ್ತಿ ನಂಬುವುದಿಲ್ಲ. ಜಾತ್ರೆಯ ನಗು ರಾಜನ ಮೇಲೆ ಮಾತ್ರ ಬೀಳುತ್ತದೆ ಅನ್ನುವುದು ಸುಳ್ಳು, ಗೂನು ಬೆನ್ನಿನವರ ಮೇಲೂ ಬೀಳುತ್ತದೆ. ವಿಕ್ಟರ್ ಹ್ಯೂಗೋನ 1831ರ ಕಾದಂಬರಿಯಲ್ಲಿ ಪ್ಯಾರಿಸಿನ ಜನ ಗೂನು ಬೆನ್ನಿನ ಕ್ವಾಸಿಮೋಡೋನನ್ನು ಮೂರ್ಖರ ಪೋಪ್ ಮಾಡಿ ಹೆಗಲ ಮೇಲೆ ಮೆರೆಸುತ್ತಾರೆ. ಮರುದಿನ ಅದೇ ಜನ ಅವನಿಗೆ ಚಾಟಿಯೇಟು ಬೀಳುವುದನ್ನು ನೋಡಿ ಕೇಕೆ ಹಾಕುತ್ತಾರೆ. ಹ್ಯೂಗೋಗೆ ಇದು ಗೊತ್ತಿತ್ತು. 1827ರಲ್ಲಿ ಒಂದು ನಾಟಕಕ್ಕೆ ಬರೆದ ಮುನ್ನುಡಿಯಲ್ಲಿ, ಸುಂದರದ ಪಕ್ಕದಲ್ಲಿ ವಿಕಟವನ್ನೂ ಕೂರಿಸದೆ ಹೊಸ ಸಾಹಿತ್ಯ ಇಲ್ಲ ಎಂದು ವಾದಿಸಿದವನು ಅವನೇ.

ಯಾವುದಾದರೂ ಒಂದೇ ವಿಮರ್ಶೆ ಓದುವುದಾದರೆ ಬಾಖ್ತಿನ್ ಓದಿ, ಕೈಸರ್ ಮಾತನ್ನು ಮೇಲಿನ ಎರಡು ಸಾಲಿನಲ್ಲೇ ಇಟ್ಟುಕೊಂಡರೆ ಸಾಕು.

ಮಧ್ಯಯುಗ: ಡಾಂಟೆಯೋ, ರನ್ನನೋ, ಜನ್ನನೋ

ಮಧ್ಯಯುಗ ಅಂದರೆ ಎಲ್ಲರ ಬೆರಳು ಡಾಂಟೆಯ ನರಕದ ಕಡೆಗೇ. 14ನೇ ಶತಮಾನದ ಆರಂಭದ ಕಾವ್ಯ. ಕುದಿಯುವ ಡಾಂಬರಿನಲ್ಲಿ ಲಂಚಕೋರರನ್ನು ಮುಳುಗಿಸಿ, ಮೇಲೆದ್ದರೆ ಕೊಕ್ಕೆಯಿಂದ ಚುಚ್ಚುವ ದೆವ್ವಗಳ ಪಡೆಯೊಂದಿದೆ. 21ನೇ ಸರ್ಗದ ಕೊನೆಯಲ್ಲಿ ಆ ಪಡೆಯ ನಾಯಕ ಹೊರಡಲು ಸೂಚನೆ ಕೊಡುವುದು ಕಹಳೆಯಿಂದಲ್ಲ, ಹೂಸಿನಿಂದ. 25ರಲ್ಲಿ ಕಳ್ಳನೊಬ್ಬನೂ ಸರೀಸೃಪವೂ ಮೇಣದಂತೆ ಕರಗಿ ಒಂದಾಗುತ್ತಾರೆ. 28ರಲ್ಲಿ ಒಬ್ಬ ತನ್ನದೇ ಕಡಿದ ತಲೆಯನ್ನು ಲಾಟೀನಿನ ಹಾಗೆ ಹಿಡಿದು ನಡೆಯುತ್ತಾನೆ. ಮಿಕ್ಕ ಕಡೆ ಫ್ಲಾರೆನ್ಸಿನ ರಾಜಕೀಯಕ್ಕೆ ಅಡಿಟಿಪ್ಪಣಿ ಓದಿ ಓದಿ ಸುಸ್ತಾಗುತ್ತದೆ. ಒಟ್ಟು 34 ಸರ್ಗಗಳ ನರಕದಲ್ಲಿ 21, 22, 25, 28 ಇಷ್ಟನ್ನು ಮೊದಲು ಓದಿ. ರುಚಿ ಹತ್ತಿದರೆ ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ.

ಡಾಂಟೆಗಿಂತ ಮುನ್ನೂರು ವರ್ಷ ಹಿಂದೆ ರನ್ನ ನರಕಕ್ಕೆ ಇಳಿಯದೆ ಭೂಮಿಯ ಮೇಲೇ ಅದನ್ನು ತೋರಿಸಿದ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ದಾರಿ ಹುಡುಕುತ್ತಾ ಹೋಗುತ್ತಾನೆ. ನೆತ್ತರು ಕುಡಿದ ಮರುಳುಗಳು ಅವನನ್ನು ಕಂಡು ಲೇವಡಿ ಮಾಡುತ್ತವೆ. ಮರುಳು ಅಂದರೆ ಪಿಶಾಚಿಯೂ ಹೌದು, ಬುದ್ಧಿಗೇಡಿಯೂ ಹೌದು. ಯಾರು ನಿಜವಾದ ಮರುಳು ಅನ್ನುವ ಪ್ರಶ್ನೆ ರಾಜನ ಮುಖಕ್ಕೇ ಬಂದು ಬೀಳುತ್ತದೆ. ಡಾಂಟೆಯ ನರಕದಲ್ಲಿ ಶಿಕ್ಷೆ ಕೊಡುವವನು ದೇವರು. ರನ್ನನಲ್ಲಿ ಈ ಕೊಳೆತ ಬಯಲನ್ನು ಮಾಡಿದವನೇ ಅದರಲ್ಲಿ ಕಾಲಿಡುತ್ತಿದ್ದಾನೆ. ಹಳಗನ್ನಡ ಕಷ್ಟ ಎನ್ನುವವರು ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡು ಓದಲಿ. ಆದರೆ ಆ ಭಾಗವನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದಿಸಿ ಕೇಳಿ. ಗಮಕಿಗಳ ಬಾಯಲ್ಲಿ ಕೇಳಲು ಸಿಕ್ಕಿದರೆ ಬಿಡಬೇಡಿ.

ಈ ಮೂವರಲ್ಲಿ ಒಬ್ಬರನ್ನೇ ಆರಿಸು ಅಂದರೆ ನಾನು ಜನ್ನನ ಹೆಸರು ಹೇಳುತ್ತೇನೆ. ಯಶೋಧರ ಚರಿತೆ 1209ರದ್ದು, ಬರೀ ನಾಲ್ಕು ಅವತಾರಗಳ, ಅಂದರೆ ಅಧ್ಯಾಯಗಳ, ಪುಟ್ಟ ಕಾವ್ಯ. ರಾಣಿ ಅಮೃತಮತಿ ಅರಮನೆಯ ಮಂಚದಲ್ಲಿ ಗಂಡನ ಪಕ್ಕ ಮಲಗಿರುವಾಗ ಅಷ್ಟಾವಂಕನೆಂಬ ಮಾವುತನೊಬ್ಬನ ಹಾಡು ಕೇಳಿ ಮನಸೋಲುತ್ತಾಳೆ. ನೋಡಿಕೊಂಡು ಬರಲು ಹೋದ ದಾಸಿ ಅಷ್ಟಾವಂಕನ ರೂಪ ಕಂಡು ಹೇಸಿ ಹಿಂದಿರುಗುತ್ತಾಳೆ. ರಾಣಿಗೆ ಅದು ಲೆಕ್ಕಕ್ಕೇ ಇಲ್ಲ. ತಡವಾಗಿ ಹೋದ ರಾತ್ರಿ ಅವನು ಅವಳನ್ನು ಬಡಿಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ, ರಾಜ ಮರೆಯಲ್ಲಿ ಕತ್ತಿ ಎತ್ತಿ ಇಳಿಸುತ್ತಾನೆ. ಆಮೇಲೆ ಆ ಹಿಟ್ಟಿನ ಹುಂಜ. ಜೀವಹತ್ಯೆ ಬೇಡ, ದೇವಿಗೆ ಹಿಟ್ಟಿನದ್ದನ್ನು ಕೊಡೋಣ ಎಂದು ಕಡಿದರೆ ಅದು ಕೂಗುತ್ತದೆ! ಬೆಂತರವೊಂದು ಅದರೊಳಗೆ ಹೊಕ್ಕಿತ್ತು. ಹಿಟ್ಟು ಕೂಗುವ ಆ ಗಳಿಗೆಯಲ್ಲಿ ನಗಬೇಕೋ ಬೆವರಬೇಕೋ ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಒಂದು ಎಚ್ಚರ. ಮೈ ಸೊಟ್ಟಗಿದ್ದರೆ ಮನಸ್ಸೂ ಸೊಟ್ಟ ಎಂಬ ಹಳೆಯ ಲೆಕ್ಕ ಜನ್ನನಲ್ಲಿಯೂ ಇದೆ, ಹ್ಯೂಗೋಗಿಂತ ಹಿಂದಿನ ಬಹುಪಾಲು ಯುರೋಪಿನಲ್ಲಿಯೂ ಇದೆ. ಅದನ್ನು ಮುಚ್ಚಿಡದೆ ಓದಬೇಕು. ಆದರೆ ಅಷ್ಟಾವಂಕನ ಕಂಠವನ್ನು ಜನ್ನ ಸೊಟ್ಟಗೆ ಮಾಡಲಿಲ್ಲ ಅನ್ನುವುದನ್ನೂ ಗಮನಿಸಿ.

ರಬೆಲೇಯ ಕಿವಿ, ಪಾಡ್ದನದ ಎದೆ

ಬಯಲಿನ ನಗು ಬೇಕು, ಹೊಟ್ಟೆ ಹುಣ್ಣಾಗಬೇಕು ಅನ್ನುವವರಿಗೆ ಫ್ರಾನ್ಸುವಾ ರಬೆಲೇ. ಸನ್ಯಾಸಿಯಾಗಿದ್ದವನು, ವೈದ್ಯನಾಗಿದ್ದವನು. ಪಾಂತಾಗ್ರುಯೆಲ್ 1532ರಲ್ಲಿ, ಗಾರ್ಗಾಂಟುವಾ 1534ರಲ್ಲಿ. ಗಾರ್ಗಾಂಟುವಾ ತಾಯಿಯ ಎಡಗಿವಿಯಿಂದ ಹುಟ್ಟುತ್ತಾನೆ, ಹುಟ್ಟಿದೊಡನೆ ಕುಡಿಯಲು ಕೊಡಿ ಎಂದು ಬೊಬ್ಬೆ ಹೊಡೆಯುತ್ತಾನೆ. ಅವನ ಹಾಲಿಗೆ 17,913 ಹಸುಗಳು. ಪ್ಯಾರಿಸಿನಲ್ಲಿ ಚರ್ಚಿನ ಗೋಪುರದ ಮೇಲೆ ಕೂತು ಉಚ್ಚೆ ಹೊಯ್ದರೆ ಕೊಚ್ಚಿಹೋದವರು 2,60,418 ಮಂದಿ, ಹೆಂಗಸರು ಮಕ್ಕಳನ್ನು ಬಿಟ್ಟು. ಆ ಕೊನೆಯ ಹದಿನೆಂಟು ನೋಡಿ! ಯಾರೋ ಶಾನುಭೋಗ ಕೂತು ಎಣಿಸಿದ ಹಾಗೆ. ನನಗೆ ಅತ್ಯಂತ ಇಷ್ಟವಾದ ಭಾಗ ಬೇರೆ. ಮಳೆಯಿಂದ ರಕ್ಷಿಸಲು ಪಾಂತಾಗ್ರುಯೆಲ್ ನಾಲಗೆ ಚಾಚಿ ಇಡೀ ಸೈನ್ಯದ ಮೇಲೆ ಮುಚ್ಚುತ್ತಾನೆ. ಕತೆ ಹೇಳುವವನು ಆ ನಾಲಗೆಯ ಮೇಲೆ ನಡೆದು ಬಾಯೊಳಗೆ ಹೋದರೆ ಅಲ್ಲೊಬ್ಬ ರೈತ ಕೋಸು ನೆಡುತ್ತಿದ್ದಾನೆ. ರಾಜನ ಬಾಯೊಳಗೂ ಒಂದು ಊರು, ಒಂದು ಮಾರುಕಟ್ಟೆ.

ಕಿವಿಯಿಂದ ಹುಟ್ಟುವುದು ನಮ್ಮ ಕಡೆಯವರಿಗೆ ಹೊಸದಲ್ಲ. ತುಳುನಾಡಿನ ದೈವ ಗುಳಿಗನ ಪಾಡ್ದನದ, ಅಂದರೆ ಹಾಡುಗತೆಯ, ಒಂದು ಪಾಠದಲ್ಲಿ, ಯಾವ ದಾರಿಯಲ್ಲಿ ಹೊರಗೆ ಬರಲಿ ಎಂದು ಹೊಟ್ಟೆಯೊಳಗಿನ ಗುಳಿಗ ತಾಯಿಯನ್ನು ಕೇಳುತ್ತಾನೆ. ಎಲ್ಲರೂ ಬರುವ ದಾರಿಯಲ್ಲಿ ಬಾ ಎಂದರೆ ಒಪ್ಪದೆ ಬಲ ಎದೆಯನ್ನು ಸೀಳಿ ಬರುತ್ತಾನೆ. ಹಸಿವೋ ಹಸಿವು. ಕೆರೆಯ ನೀರು, ಮೀನು, ಆನೆ ಕುದುರೆಗಳ ನೆತ್ತರು ಯಾವುದೂ ಸಾಲದೆ ಕೊನೆಗೆ ನಾರಾಯಣ ತನ್ನ ಕಿರುಬೆರಳು ಕೊಡಬೇಕಾಗುತ್ತದೆ. ಎರಡೂ ಕಡೆ ಹುಟ್ಟಿನ ದಾರಿ ತಪ್ಪಿದೆ, ಹಸಿವಿಗೆ ತಳವಿಲ್ಲ. ಆದರೆ ರಬೆಲೇ ಓದಿ ಫ್ರಾನ್ಸಿನವರು ನಕ್ಕರು, ಪಾಡ್ದನ ಕೇಳಿ ನಾವು ಕೈಮುಗಿಯುತ್ತೇವೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1886ರಲ್ಲೇ ಪಾಡ್ದನಗಳ ಪುಸ್ತಕ ಅಚ್ಚಾಗಿದೆ, ಓದಲು ಪಠ್ಯಗಳಿವೆ. ಆದರೆ ಈ ದೈವಗಳ ಆರಾಧನೆಯಾದ ಕೋಲವನ್ನು ನಾನು ವಿಕಟದ ಪಟ್ಟಿಗೆ ಸೇರಿಸುವುದಿಲ್ಲ. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಅದನ್ನು ದೆವ್ವದ ಪೂಜೆ ಎಂದು ಕರೆದ. ಹೊರಗಿನವನ ಕಣ್ಣಿಗೆ ವಿಕಟವಾದದ್ದೆಲ್ಲ ಒಳಗಿನವನಿಗೆ ಹಾಗಲ್ಲ ಅನ್ನುವುದಕ್ಕೆ ಆ ಹೆಸರೇ ಸಾಕ್ಷಿ.

ರಬೆಲೇ ಓದುವವರಿಗೆ ತೊಡಕು ಒಂದೇ. ಅವನ ಅರ್ಧ ತಮಾಷೆ ಭಾಷೆಯಲ್ಲಿದೆ, ಇಂಗ್ಲಿಷ್ ಅನುವಾದದಲ್ಲಿ ಆವಿಯಾಗುತ್ತದೆ. ಐದೂ ಸಂಪುಟ ಮುಗಿಸಿಯೇ ತೀರುತ್ತೇನೆ ಎಂದು ಹಠ ಹಿಡಿಯಬೇಡಿ, ಮೊದಲ ಎರಡು ಸಾಕು. ಕುಂಭಕರ್ಣನನ್ನು ಎಬ್ಬಿಸುವ ಪ್ರಸಂಗಕ್ಕೆ ಬಿದ್ದು ಬಿದ್ದು ನಕ್ಕವರಿಗೆ ಇವನು ಬೇಗ ಹತ್ತಿರವಾಗುತ್ತಾನೆ.

ನಡುವೆ ಜೊನಾಥನ್ ಸ್ವಿಫ್ಟ್. 1729ರಲ್ಲಿ ಬರೆದ ಸಣ್ಣ ಪ್ರಬಂಧದಲ್ಲಿ ಐರ್ಲೆಂಡಿನ ಬಡವರ ಒಂದು ವರ್ಷದ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಬಹುದು ಎಂದು, ಬ್ಯಾಂಕಿನ ಮ್ಯಾನೇಜರನ ಧಾಟಿಯಲ್ಲಿ, ಖರ್ಚು ಲಾಭ ಬರೆದು ತೋರಿಸುತ್ತಾನೆ. ಅರ್ಧ ಗಂಟೆಯ ಓದು. ಎಲ್ಲರೂ ಓದಲೇಬೇಕು, ಆದರೆ ಊಟಕ್ಕೆ ಮೊದಲು ಬೇಡ. ಎಡ್ಗರ್ ಆಲನ್ ಪೋ 1840ರ ಸಂಕಲನದ ಹೆಸರಿನಲ್ಲೇ ಗ್ರೊಟೆಸ್ಕ್ ಪದ ಇಟ್ಟ. ಅಲ್ಲಿಗೆ ಬರುವಷ್ಟರಲ್ಲಿ ಬಯಲು ಖಾಲಿಯಾಗಿ ಎಲ್ಲರೂ ಕೋಣೆಯೊಳಗೆ ಹೋಗಿಯಾಗಿತ್ತು. ಪೋ ನನ್ನ ರುಚಿಗೆ ಒಗ್ಗುವವನಲ್ಲ, ಹಾಗಾಗಿ ಅವನ ಬಗ್ಗೆ ನನ್ನ ಮಾತು ತೂಕಕ್ಕೆ ಇಡಬೇಡಿ.

ಮೂಗು ಮೊದಲೋ, ಹುಳ ಮೊದಲೋ

ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಗೊಗೊಲ್‌ನ 'ಮೂಗು' 1836ರದ್ದು, ಕಾಫ್ಕಾನ 'ರೂಪಾಂತರ' 1915ರದ್ದು. ಎರಡರಲ್ಲಿಯೂ ಒಬ್ಬ ಸಾಮಾನ್ಯ ಮನುಷ್ಯ ಬೆಳಿಗ್ಗೆ ಎದ್ದಾಗ ಮೈ ಎಂದಿನಂತಿಲ್ಲ. ಎರಡರಲ್ಲಿಯೂ ಕಾರಣ ಹೇಳುವುದಿಲ್ಲ. ಕಾಲೇಜುಗಳಲ್ಲಿ ಕಾಫ್ಕಾನನ್ನು ಮೊದಲು ಕಲಿಸುತ್ತಾರೆ, ಅದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಗೊಗೊಲ್‌ನಲ್ಲಿ ಪೀಟರ್ಸ್‌ಬರ್ಗಿನ ಕ್ಷೌರಿಕನಿಗೆ ಬೆಳಗಿನ ರೊಟ್ಟಿಯೊಳಗೆ ಗಿರಾಕಿಯ ಮೂಗು ಸಿಗುತ್ತದೆ. ಮೂಗು ಕಳೆದುಕೊಂಡ ಕೊವಲ್ಯೋವ್ ಎಂಬ ಅಧಿಕಾರಿ ಹುಡುಕಿ ಹೊರಟರೆ, ಮೂಗು ಜರಿಯ ಸಮವಸ್ತ್ರ ತೊಟ್ಟು ಸಾರೋಟಿನಿಂದ ಇಳಿಯುತ್ತಿದೆ. ಅದರ ಹುದ್ದೆ ಇವನದ್ದಕ್ಕಿಂತ ದೊಡ್ಡದು. ಇವನು ಸರ್ ಸರ್ ಎಂದು ತಡವರಿಸಬೇಕಾಗುತ್ತದೆ. ಮೂಗು ಪ್ರಾರ್ಥನೆ ಮಾಡುವ ಜಾಗ ಗೊಗೊಲ್ ಬರೆದಂತೆ ಇಗರ್ಜಿ, ಸೆನ್ಸಾರಿನವರು ಒಪ್ಪದೆ ಮೊದಲ ಮುದ್ರಣದಲ್ಲಿ ಅದು ಅಂಗಡಿ ಸಾಲಾಯಿತು. ಪತ್ರಿಕೆಗೆ ಜಾಹೀರಾತು ಕೊಡಲು ಹೋದರೆ ಗುಮಾಸ್ತ ನಿರಾಕರಿಸಿ, ಪಾಪ ಎಂದು ಕನಿಕರಪಟ್ಟು, ಮೂಗಿಲ್ಲದವನಿಗೆ ನಶ್ಯದ ಡಬ್ಬಿ ಚಾಚುತ್ತಾನೆ. ತಾಲೂಕು ಕಚೇರಿಯಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಈ ಕತೆಗೆ ಟಿಪ್ಪಣಿ ಬೇಡ. ಇಲ್ಲಿ ನಗು ಇನ್ನೂ ಬೀದಿಯಲ್ಲಿದೆ, ಮೂಗನ್ನು ನೋಡಲು ಜನ ಸೇರುತ್ತಾರೆ. ಆದರೆ ಕೊವಲ್ಯೋವ್ ಆ ಬೀದಿಯಲ್ಲಿ ಒಬ್ಬಂಟಿ.

ಕಾಫ್ಕಾನಲ್ಲಿ ಬಾಗಿಲು ಪೂರ್ತಿ ಮುಚ್ಚಿದೆ. ಬಟ್ಟೆ ಕಂಪೆನಿಯ ಊರೂರು ತಿರುಗುವ ಗ್ರೆಗರ್ ಹುಳವಾಗಿ ಎಚ್ಚರಗೊಂಡು ಮೊದಲು ಚಿಂತಿಸುವುದು ರೈಲು ತಪ್ಪಿತಲ್ಲ ಎಂದು. ಅಪ್ಪ ಎಸೆದ ಸೇಬು ಬೆನ್ನಿನಲ್ಲಿ ನಾಟಿ ಅಲ್ಲೇ ಕೊಳೆಯುತ್ತದೆ. ದುಡಿದು ಹಾಕುತ್ತಿದ್ದ ಮಗ ದುಡಿಯದಾದಾಗ ಮನೆಯವರ ಮುಖ ಹೇಗೆ ದಿನದಿನಕ್ಕೆ ಬದಲಾಗುತ್ತದೆ ಎಂಬುದು ಹುಳಕ್ಕಿಂತ ಭೀಕರ. ಮುಖಪುಟದಲ್ಲಿ ಹುಳವನ್ನು ಬರೆಯಲೇಬಾರದು ಎಂದು ಕಾಫ್ಕಾ ಪ್ರಕಾಶಕರಿಗೆ ಕಾಗದ ಬರೆದಿದ್ದ. ಕಂಡುಬಿಟ್ಟರೆ ಅದು ಬರೀ ಹುಳ. ಆದರೆ ಗೊಗೊಲ್ ಓದಿ ಬಂದವರಿಗೆ ಇಲ್ಲಿಯೂ ನಗು ಕೇಳಿಸುತ್ತದೆ: ಊಟದ ತಟ್ಟೆಯನ್ನು ಪರೀಕ್ಷಿಸುವ ಮೂವರು ಗಡ್ಡದ ಬಾಡಿಗೆದಾರರು, ಬಾಗಿಲಾಚೆ ನಿಂತು ಹಾಜರಿ ಕೇಳುವ ಕಚೇರಿಯ ಮುಖ್ಯಸ್ಥ. ನೇರ ಇಲ್ಲಿಗೆ ಬಂದವರಿಗೆ ಆ ನಗು ಕಿವಿಗೆ ಬೀಳುವುದಿಲ್ಲ. ಊಟ ಸೇರದ್ದು ಅದಕ್ಕೇ.

ಎರಡೂ ಬೇಡ, ಕಡಲ ದಡದ ಕತೆ ಬೇಕು ಅಂದರೆ ಮಾರ್ಕ್ವೆಸ್ 1968ರಲ್ಲಿ ಬರೆದ ರೆಕ್ಕೆಯ ಮುದುಕನ ಕತೆ ಇದೆ. ಮೂರು ದಿನ ಬಿಡದ ಮಳೆ, ಮನೆಯೊಳಗೆಲ್ಲ ಏಡಿ, ಅಂಗಳದ ಕೆಸರಿನಲ್ಲಿ ರೆಕ್ಕೆಯಿರುವ ಒಬ್ಬ ಮುದುಕ. ಅವನನ್ನು ಕೋಳಿಗೂಡಿಗೆ ಹಾಕಿ ನೋಡುವವರಿಂದ ಟಿಕೆಟು ವಸೂಲಿ ಮಾಡುತ್ತಾರೆ. ಜುಲೈಯಲ್ಲಿ ಮಂಗಳೂರಿನಲ್ಲಿ ಕೂತು ಓದಿದರೆ ಲ್ಯಾಟಿನ್ ಅಮೆರಿಕ ಅಂತ ಅನ್ನಿಸುವುದೇ ಇಲ್ಲ.

ಕನ್ನಡದ ಹತ್ತಿರದವು: ಹೆಣವೋ, ಕುದುರೆಯೋ

ಅನಂತಮೂರ್ತಿಯವರ ಸಂಸ್ಕಾರ 1965, ಕಾರ್ನಾಡರ ಹಯವದನ 1971. ಸಂಸ್ಕಾರವನ್ನು ಸಾಮಾನ್ಯವಾಗಿ ಜಾತಿ, ಧರ್ಮಸಂಕಟದ ಕಾದಂಬರಿಯಾಗಿ ಓದುತ್ತೇವೆ. ಒಮ್ಮೆ ಮೂಗಿನಿಂದ ಓದಿ ನೋಡಿ. ಸುಡಲು ಯಾರೂ ಮುಂದಾಗದ ನಾರಣಪ್ಪನ ಹೆಣ ನಾರುತ್ತಿದೆ, ಇಲಿಗಳು ಗಿರಗಿರ ತಿರುಗಿ ಬಿದ್ದು ಸಾಯುತ್ತಿವೆ, ಅಗ್ರಹಾರದ ಮನೆಗಳ ಮೇಲೆ ಹದ್ದುಗಳು ಬಂದು ಕೂತಿವೆ, ಒಳಗೆ ಹಸಿದ ಬ್ರಾಹ್ಮಣರು ಶಾಸ್ತ್ರ ಹುಡುಕುತ್ತಿದ್ದಾರೆ. ಹದ್ದು ಓಡಿಸಲು ಜಾಗಟೆ ಬಾರಿಸುವ ದೃಶ್ಯದಲ್ಲಿ ನಗು ಬಂದೇ ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ಹಯವದನಕ್ಕೆ ನನ್ನ ಒಲವು ಹೆಚ್ಚು, ಕಾರಣ ಸ್ವಲ್ಪ ವಿಚಿತ್ರ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಹೊರೇಸ್ ಕಾವ್ಯದ ಬಗ್ಗೆ ಬರೆಯುತ್ತಾ, ಚಿತ್ರಕಾರನೊಬ್ಬ ಮನುಷ್ಯನ ತಲೆಗೆ ಕುದುರೆಯ ಕತ್ತು ಅಂಟಿಸಿದರೆ ನಗದೆ ಇರುತ್ತೀರಾ ಎಂದು ಕೇಳಿ ಶುರು ಮಾಡುತ್ತಾನೆ. ನಾವೋ, ಬೆಟ್ಟಕ್ಕೇ ಕುದುರೆಮುಖ ಎಂದು ಹೆಸರಿಟ್ಟವರು. ಯತಿ ವಾದಿರಾಜರು ಕಡಲೆಬೇಳೆ ಬೆಲ್ಲದ ಮಡ್ಡಿಯ ಹರಿವಾಣವನ್ನು ತಲೆಯ ಮೇಲಿಟ್ಟುಕೊಂಡರೆ ಬಿಳಿ ಕುದುರೆಯಾಗಿ ಹಯಗ್ರೀವ ಬಂದು ಹೆಗಲ ಮೇಲೆ ಕಾಲಿಟ್ಟು ತಿನ್ನುತ್ತಿದ್ದ ಕತೆ ಉಡುಪಿಯ ಮಕ್ಕಳಿಗೆಲ್ಲ ಗೊತ್ತು. ಹೊರೇಸನಿಗೆ ನಗೆಪಾಟಲಾದ ಕುದುರೆ-ಮನುಷ್ಯರ ಬೆರಕೆ ಇಲ್ಲಿ ಕುದುರೆತಲೆಯ ದೇವರು. ಕಾರ್ನಾಡರು ಈ ಎರಡರ ನಡುವೆ, ಯಕ್ಷಗಾನದ ಭಾಗವತನನ್ನೂ ತೆರೆಯನ್ನೂ ಎರವಲು ಪಡೆದು, ಮೂರನೆಯ ಕುದುರೆಯನ್ನು ನಿಲ್ಲಿಸುತ್ತಾರೆ. ಅತ್ತ ದೇವರೂ ಅಲ್ಲ ಇತ್ತ ಮನುಷ್ಯನೂ ಅಲ್ಲದ, ಮನುಷ್ಯನ ಮೈಗೆ ಕುದುರೆಯ ತಲೆಯಿರುವ ಹಯವದನ, ಪೂರ್ಣನಾಗಬೇಕು ಎಂದು ಕಾಳಿಯನ್ನು ಬೇಡಿದರೆ ಅವಳು ಆಕಳಿಕೆಯ ನಡುವೆ ಅವನನ್ನು ಪೂರ್ಣ ಕುದುರೆ ಮಾಡಿಬಿಡುತ್ತಾಳೆ. ದನಿ ಮಾತ್ರ ಮನುಷ್ಯನದ್ದೇ ಉಳಿಯುತ್ತದೆ. ಕೊನೆಯಲ್ಲಿ ನಗುವನ್ನೇ ಮರೆತ ಮಗುವೊಂದು ಅವನನ್ನು ಕಂಡು ನಗುತ್ತದೆ, ಅದರ ಜೊತೆ ನಕ್ಕು ನಕ್ಕು ಅವನ ನಗು ಕೆನೆತವಾಗುತ್ತದೆ. ಕೋಣೆಯೊಳಗೆ ಸಿಕ್ಕಿಬಿದ್ದಿದ್ದ ನಗುವನ್ನು ಮತ್ತೆ ಬಯಲಿಗೆ ತಂದ ನಾಟಕ ನನ್ನ ಓದಿನಲ್ಲಿ ಇದೊಂದೇ.

ಯಾರಿಗೆ ಯಾವುದು

ಒಂದೇ ಸಂಜೆ ಇದ್ದವರಿಗೆ 'ಮೂಗು'. ವಾರ ಇದ್ದವರಿಗೆ ಮೂಗು, ಅದರ ಮರುದಿನ ಕಾಫ್ಕಾ, ಕೊನೆಗೆ ಹಯವದನ, ಇದೇ ಕ್ರಮದಲ್ಲಿ. ಇಡೀ ಮಳೆಗಾಲ ಇದ್ದು ಹಳಗನ್ನಡಕ್ಕೆ ಅಂಜದವರು ಜನ್ನನಿಂದ ಶುರು ಮಾಡಿ ರಬೆಲೇಗೆ ಹೋಗಲಿ. ಇಬ್ಬರೂ ಎಷ್ಟು ಬೇರೆ ಅನ್ನುವುದೇ ಒಂದು ಪಾಠ. ಹೇಸಿಗೆ ತಡೆಯದವರು ಸಂಸ್ಕಾರವನ್ನೂ ಸ್ವಿಫ್ಟನ್ನೂ ಮುಂದಕ್ಕೆ ಹಾಕಬಹುದು. ಓದುಗೂಟದಲ್ಲಿ ಗಟ್ಟಿಯಾಗಿ ಓದಲು ಗದಾಯುದ್ಧದ ಮರುಳುಗಳಿಗೆ ಸಾಟಿ ಇಲ್ಲ. ಹೈಸ್ಕೂಲಿನ ಮಕ್ಕಳಿಗೆ ರಬೆಲೇಯ ಆಯ್ದ ಭಾಗ, ರೆಕ್ಕೆಯ ಮುದುಕ. ಒಬ್ಬರೇ ಇರುವ ಬಾಡಿಗೆ ಕೋಣೆಯಲ್ಲಿ, ಮನೆಯಿಂದ ದೂರ, ಕೆಲಸ ಬಿಟ್ಟ ತಿಂಗಳಲ್ಲಿ ಕಾಫ್ಕಾ ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಅಷ್ಟು ತಿಂಗಳು ಓದಿಗೆ ಧಾರಾಳ. ಆಮೇಲೆ ಎಲ್ಲಿಯಾದರೂ ದೇವಿಮಹಾತ್ಮೆ ಇದ್ದರೆ ಹೋಗಿ ಬನ್ನಿ, ಮುಂದಿನ ಕುರ್ಚಿಗೆ ಆಸೆ ಪಡಬೇಡಿ. ಹಿಂದೆ, ದಾರಿಯ ಬದಿಗೆ ಕೂತುಕೊಳ್ಳಿ. ಮಹಿಷ ಬರುವುದು ಆ ಕಡೆಯಿಂದ.